ಗೆದ್ದ ಊರಲ್ಲೇ ಸೋತ ಕೋಚ್ ಬಾರ್ಟ್ ಸ್ಟಾರ್

ಅಮೆರಿಕದವರ ಫುಟ್‌ಬಾಲ್ ನಾವು ಕಾಲಲ್ಲಿ ಒದೆಯುವ ಆಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತಾರೆ, ಎಸೆಯುತ್ತಾರೆ. ಚೆಂಡು ಯಾರ ಕೈಗೆ ಹೋಗಬೇಕೆಂದು ಕ್ಷಣದಲ್ಲಿ ತೀರ್ಮಾನಿಸುವವರೇ ಕ್ವಾರ್ಟರ್‌ಬ್ಯಾಕ್. ಆ ಜಾಗದಲ್ಲಿ ಹೆಸರು ಮಾಡಿ, ಆಮೇಲೆ ಕೋಚ್ ಆದ ಬಾರ್ಟ್ ಸ್ಟಾರ್ ಕಥೆ ಇದು.

1934ರಲ್ಲಿ ಅಲಬಾಮಾ ರಾಜ್ಯದ ಮಾಂಟ್ಗೊಮರಿಯಲ್ಲಿ ಹುಟ್ಟಿದರು. 1956ರಲ್ಲಿ ತಂಡಗಳು ಹೊಸ ಹುಡುಗರನ್ನು ಆರಿಸಿಕೊಳ್ಳುವಾಗ 199 ಹೆಸರು ಮುಗಿದ ಮೇಲೆ ಇವರ ಹೆಸರು ಬಂತು. ಆರಿಸಿದ್ದು ವಿಸ್ಕಾನ್ಸಿನ್ ರಾಜ್ಯದ ಸಣ್ಣ ಊರಾದ ಗ್ರೀನ್ ಬೇಯ ಪ್ಯಾಕರ್ಸ್ ತಂಡ. ಅದಕ್ಕೆ ಸಾಹುಕಾರ ಮಾಲೀಕರಿಲ್ಲ. 1923ರಿಂದಲೂ ಷೇರು ಕೊಂಡ ಜನರೇ ಒಡೆಯರು.

1958ರಲ್ಲಿ ಆ ತಂಡ 12 ಪಂದ್ಯಗಳಲ್ಲಿ ಗೆದ್ದಿದ್ದು ಒಂದೇ. ಮರುವರ್ಷ ಕೋಚ್ ವಿನ್ಸ್ ಲೊಂಬಾರ್ಡಿ ಬಂದರು. ಅವರ ಕೈಕೆಳಗೆ ಸ್ಟಾರ್ 1961, 62, 65, 66, 67ರಲ್ಲಿ ತಂಡವನ್ನು ಚಾಂಪಿಯನ್ ಮಾಡಿದರು. ಮೊದಲ ಎರಡು ಸೂಪರ್ ಬೌಲ್‌ಗಳ ಶ್ರೇಷ್ಠ ಆಟಗಾರರೂ ಅವರೇ.

1967ರ ಡಿಸೆಂಬರ್ 31. ಸೊನ್ನೆಗಿಂತ 25 ಡಿಗ್ರಿ ಕೆಳಗಿನ ಚಳಿ, ಮೈದಾನವೆಲ್ಲ ಹೆಪ್ಪುಗಟ್ಟಿತ್ತು. ಡಲ್ಲಾಸ್ ತಂಡ 17-14ರಿಂದ ಮುಂದಿತ್ತು. ಉಳಿದಿದ್ದು 16 ಸೆಕೆಂಡ್. ಸ್ಟಾರ್ ಚೆಂಡನ್ನು ಯಾರಿಗೂ ಕೊಡದೆ ತಾವೇ ಗೆರೆ ದಾಟಿ ನುಗ್ಗಿದರು. ಪ್ಯಾಕರ್ಸ್ 21-17ರಿಂದ ಗೆದ್ದಿತು.

1975ರಲ್ಲಿ ಅದೇ ತಂಡಕ್ಕೆ ಅವರು ಮುಖ್ಯ ಕೋಚ್ ಆದರು. ಅದಕ್ಕೂ ಮೊದಲು ಎಲ್ಲೂ ಮುಖ್ಯ ಕೋಚ್ ಆಗಿದ್ದವರಲ್ಲ. ಹಿಂದಿನ ಕೋಚ್ ಡ್ಯಾನ್ ಡಿವೈನ್ 1974ರಲ್ಲಿ ಜಾನ್ ಹ್ಯಾಡ್ಲ್ ಎಂಬ 34 ವರ್ಷದ ಕ್ವಾರ್ಟರ್‌ಬ್ಯಾಕ್‌ಗಾಗಿ, ಹೊಸಬರನ್ನು ಆರಿಸುವ ಐದು ಅವಕಾಶಗಳನ್ನು ಬೇರೆ ತಂಡಕ್ಕೆ ಬಿಟ್ಟುಕೊಟ್ಟಿದ್ದರು. ಬಿತ್ತನೆ ಬೀಜ ಮಾರಿದ ಹೊಲ ಸ್ಟಾರ್ ಕೈಗೆ ಬಂದಿತ್ತು.

ಆದರೆ ಎಲ್ಲ ತಪ್ಪನ್ನೂ ಅದರ ಮೇಲೆ ಹೊರಿಸಲಾಗದು. ಊರು ಒಂಬತ್ತು ವರ್ಷ ಕಾಯಿತು. ಲೀಗ್ ಪಂದ್ಯಗಳಲ್ಲಿ ಗೆಲುವು 52, ಸೋಲು 76. ಪ್ಲೇಆಫ್ ತಲುಪಿದ್ದು 1982ರಲ್ಲಿ ಒಮ್ಮೆ ಮಾತ್ರ. 1983ರ ಕೊನೆಯ ಪಂದ್ಯ ಸೋತ ಮರುದಿನವೇ ಕೆಲಸ ಹೋಯಿತು. ವಿಚಿತ್ರವೆಂದರೆ, ಕೋಚ್ ಆಗಿ ಸೋಲುತ್ತಿದ್ದ 1977ರಲ್ಲೇ ಆಟಗಾರರಾಗಿ ಹಾಲ್ ಆಫ್ ಫೇಮ್ ಸೇರಿದ್ದರು.

ತಾನು ಆಡುವುದು ಬೇರೆ, ಇನ್ನೊಬ್ಬರಿಂದ ಆಡಿಸುವುದು ಬೇರೆ. ನಮ್ಮೂರ ತಂಡಕ್ಕೆ ಕೋಚ್ ಹುಡುಕುವಾಗ ನಾವೂ ಹಳೆಯ ಕಪ್‌ಗಳನ್ನೇ ಎಣಿಸುತ್ತೇವಲ್ಲವೇ?

ಸ್ಟಾರ್ 2019ರಲ್ಲಿ ತೀರಿಕೊಂಡರು. ಗ್ರೀನ್ ಬೇ ಅವರ ಮೇಲಿನ ಗೌರವ ಕಳೆದುಕೊಳ್ಳಲಿಲ್ಲ. ದಾರಿ ತಪ್ಪಿದ ಹುಡುಗರಿಗಾಗಿ ವಿಸ್ಕಾನ್ಸಿನ್‌ನಲ್ಲಿ ಶುರುವಾದ ರಾಹೈಡ್ ಆಶ್ರಯಧಾಮಕ್ಕೆ, ಎರಡನೇ ಸೂಪರ್ ಬೌಲ್‌ನಲ್ಲಿ ಬಹುಮಾನವಾಗಿ ಬಂದ ಕಾರನ್ನೇ ಅವರು ಕೊಟ್ಟಿದ್ದರು.