ಗೋವಾದಲ್ಲಿ ಸಿಐಡಿ, ಲೋಂಡಾದಲ್ಲಿ ಅಜ್ಜ

'ಗೋವಾದಲ್ಲಿ ಸಿ.ಐ.ಡಿ. 999' ಸಿನಿಮಾದ ಕಥೆಯನ್ನು ನಮ್ಮ ಅಜ್ಜ ನನಗೆ ಕಡಿಮೆ ಅಂದರೂ ಇಪ್ಪತ್ತು ಸಲ ಹೇಳಿದ್ದಾನೆ. ಖಾನಾಪುರ ತಾಲ್ಲೂಕಿನ ಬೀಡಿ ಕಡೆಯ ಹಳ್ಳಿ ನಮ್ಮದು. ಮಳೆಗಾಲದಾಗ ಕರೆಂಟ್ ಹೋತು ಅಂದ್ರೆ ಎರಡು ಮೂರು ದಿನ ಬರುತ್ತಿರಲಿಲ್ಲ. ಆಗ ಕಂಬಳಿ ಹೊದ್ದುಕೊಂಡು ಕೂತರೆ ಅಜ್ಜನ ಬಾಯಿಂದ ಸಿನಿಮಾ ಸುರು.

ಕಥೆ ಲೋಂಡಾ ಸ್ಟೇಷನ್ನಿನಿಂದ ಆರಂಭ. ಹದಿಮೂರು ವರ್ಷದ ಒಬ್ಬ ಹುಡುಗ, ಹೆಗಲ ಮೇಲೆ ಬಿದಿರಿನ ಗಳ. ಗಳದ ಒಳಗಿನ ಗಂಟು ಒಡೆದು ಕೈಗಡಿಯಾರ ತುಂಬಿದ್ದಾರೆ. ಕಾಡು, ರಾತ್ರಿ, ಜಿಗಣೆ, ಹಿಂದೆ ಪೊಲೀಸರು. ಹುಡುಗ ಸಿಕ್ಕಿಬೀಳುತ್ತಾನೆ. ಅಷ್ಟರಲ್ಲಿ ರಾಜಕುಮಾರ ಬಂದು ಅವನ ಭುಜ ಮುಟ್ಟಿ "ಮನಿಗೆ ಹೋಗ ತಮ್ಮಾ" ಅಂತಾನೆ. ಇಲ್ಲಿಗೆ ಬಂದಾಗ ಅಜ್ಜ ಪ್ರತಿ ಸಲ ಸ್ವಲ್ಪ ಹೊತ್ತು ಸುಮ್ಮನಾಗುತ್ತಿದ್ದ. ಆಮೇಲೆ "ಬೆಳಗಾವಿಗೆ ಹೋಗಿ ನೋಡಿ ಬಂದೇನಿ, ಅರವತ್ತೆಂಟನೇ ಇಸ್ವಿ" ಅನ್ನೋನು.

2007ರಲ್ಲಿ ನಾನು ಬಿಇ ಓದುತ್ತಿದ್ದೆ. ರಾಜಕುಮಾರ್ ತೀರಿಕೊಂಡು ವರ್ಷವಾಗಿತ್ತು, ಅಂಗಡಿಗಳಲ್ಲಿ ಎಲ್ಲೆಲ್ಲೂ ಅವರ ಹಳೆ ಸಿನಿಮಾದ ಸಿಡಿಗಳು. ಬೆಳಗಾವಿಯ ಖಡೇಬಜಾರದ ಒಂದು ಅಂಗಡಿಯಲ್ಲಿ ಈ ಸಿನಿಮಾದ ವಿಸಿಡಿ ಸಿಕ್ಕಿತು. ಯಾವುದೋ ಖಜಾನೆ ಸಿಕ್ಕಂತೆ ಬ್ಯಾಗಿನಲ್ಲಿ ಇಟ್ಟುಕೊಂಡು ಖಾನಾಪುರ ಬಸ್ಸು ಹತ್ತಿದೆ. ರಾತ್ರಿ ಮನೆಯವರೆಲ್ಲ ಟಿವಿ ಮುಂದೆ ಕೂತರು. ಮೊದಲ ಡಿಸ್ಕ್ ಮುಗಿಯಿತು, ಎರಡನೆಯದೂ ಮುಗಿಯಿತು. ಲೋಂಡಾ ಬರಲಿಲ್ಲ, ಬಿದಿರಿನ ಗಳ ಬರಲಿಲ್ಲ, ಆ ಹುಡುಗನೂ ಬರಲಿಲ್ಲ.

"ಅಜ್ಜಾ, ನಿನ್ನ ಹುಡುಗ ಎಲ್ಲಿ?" ಅಂದೆ.

"ಸಿಡಿದಾಗ ಕಟ್ ಮಾಡ್ಯಾರ" ಅಂದ. ಎದ್ದು ಹೋಗಿ ಮಲಗಿದ.

ನಾನು ನಂಬಿದೆ. ನಂಬದೇ ಇರಲಿಕ್ಕೆ ಕಾರಣವೂ ಇರಲಿಲ್ಲ. ವಿಸಿಡಿ ಅನ್ನೋದು 1993ರಲ್ಲಿ ರೂಪುಗೊಂಡ ಮಾನದಂಡ. ಒಂದು ಡಿಸ್ಕಿನಲ್ಲಿ 74 ನಿಮಿಷದ ವಿಡಿಯೋ ಹಿಡಿಯುತ್ತದೆ. ಚಿತ್ರದ ಅಳತೆ 352×288 ಚುಕ್ಕಿ, ಡಿವಿಡಿಯ ಸುಮಾರು ಕಾಲು ಭಾಗ. ಎರಡೂವರೆ ಗಂಟೆಯ ಸಿನಿಮಾವನ್ನು ಎರಡು ಡಿಸ್ಕಿಗೆ ಇಳಿಸಬೇಕಾದರೆ ಏನಾದರೂ ಕತ್ತರಿಸಲೇಬೇಕು. ಹಾಡಿಗೋ ಹಾಸ್ಯಕ್ಕೋ ಕತ್ತರಿ ಬೀಳುತ್ತಿದ್ದದ್ದು ನಮಗೆಲ್ಲ ಗೊತ್ತಿದ್ದದ್ದೇ. ಅದೇ ವರ್ಷ ಮೋಸರ್ ಬೇರ್ ಕಂಪನಿ ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34 ರೂಪಾಯಿಗೆ ಮಾರಲಿಕ್ಕೆ ಸುರು ಮಾಡಿತ್ತು. ಅದಕ್ಕಿಂತ ಮೊದಲು ನಮ್ಮ ಕಡೆ ಮನೆಯಲ್ಲಿ ಸಿನಿಮಾ ಅಂದರೆ ಬಾಡಿಗೆ ವಿಸಿಆರ್. ಗಣಪತಿ ಹಬ್ಬಕ್ಕೋ ಮದುವೆ ಮರುದಿನಕ್ಕೋ ಪಟ್ಟಿ ಎತ್ತಿ ತರೋದು, ಒಂದೇ ರಾತ್ರಿ ಮೂರು ಸಿನಿಮಾ ನೋಡೋದು. ಕ್ಯಾಸೆಟ್ ಆರಿಸೋರು ಯಾರೋ, ಅದು ಬಹುತೇಕ ಹಿಂದಿ ಇರುತ್ತಿತ್ತು, ಇಲ್ಲಾಂದ್ರೆ ಮರಾಠಿ. 1968ರ ಕಪ್ಪು-ಬಿಳುಪು ಕನ್ನಡ ಸಿನಿಮಾ ಹಾಕ್ರೀ ಅಂದ್ರೆ ಎದ್ದು ಹೋಗಂತಿದ್ರು. ನಮ್ಮಂಥ ಗಡಿ ಹಳ್ಳಿಯವರಿಗೆ ಬೇಕಾದ ಹಳೆ ಕನ್ನಡ ಸಿನಿಮಾವನ್ನು ನಾವೇ ಆರಿಸಿ, ನಮ್ಮ ದುಡ್ಡಿನಲ್ಲಿ ಮನೆಗೆ ತರೋದು ಸಾಧ್ಯವಾಗಿದ್ದು ಈ ಅಗ್ಗದ ಡಿಸ್ಕುಗಳಿಂದಲೇ.

ಹಾಗಾಗಿ ಕತ್ತರಿಸದ ಪ್ರತಿ ಎಲ್ಲೋ ಇರಬೇಕು ಅಂತ ಹುಡುಕಲಿಕ್ಕೆ ಸುರು ಮಾಡಿದೆ. ಹುಡುಕುತ್ತ ಹುಡುಕುತ್ತ ಆ ಸಿನಿಮಾದ ಇತಿಹಾಸವೇ ಕೈಗೆ ಹತ್ತಿತು.

ಈ ಸರಣಿಯ ಮೊದಲ ಸಿನಿಮಾ 1968ರ 'ಜೇಡರ ಬಲೆ'. ದೊರೈ-ಭಗವಾನ್ ಜೋಡಿ ಅದರ ನಿರ್ದೇಶಕರು. ಅದು ಗೆದ್ದದ್ದೇ ತಡ, ಅದೇ ವರ್ಷ ಮುಂದಿನ ಕಂತು 'ಗೋವಾದಲ್ಲಿ ಸಿ.ಐ.ಡಿ. 999', ಮರುವರ್ಷ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999'. ಆಮೇಲೆ ಒಂಬತ್ತು ವರ್ಷ ಬಿಟ್ಟು 1978ರಲ್ಲಿ ಬಣ್ಣದ 'ಆಪರೇಷನ್ ಡೈಮಂಡ್ ರಾಕೆಟ್'. ರಾಜಕುಮಾರ್ ಇಂಗ್ಲಿಷ್ ಹಾಡು ಹಾಡಿದ್ದು ಇದರಲ್ಲೇ. ಒಂದೇ ಪಾತ್ರವನ್ನು ಇಟ್ಟುಕೊಂಡು ಸಿನಿಮಾ ಮೇಲೆ ಸಿನಿಮಾ ತೆಗೆಯೋದು ಆಗ ಕನ್ನಡಕ್ಕೆ ಹೊಸತು. ಗೋವಾ ಸಿನಿಮಾದಿಂದ ಲಕ್ಷ್ಮಿ ಕನ್ನಡಕ್ಕೆ ಬಂದರು, ಜಾಕ್‌ಪಾಟ್‌ನಲ್ಲಿ ಮುಂದೆ ಹಿಂದಿಯಲ್ಲಿ ಹೆಸರಾದ ರೇಖಾ ನಾಯಕಿಯಾದರು. ಗನ್ನು, ಕಾರು, ಕ್ಲಬ್ ಡಾನ್ಸ್ ಎಲ್ಲಾ ಇದ್ದರೂ ಹೆಂಗಸರು ಮಕ್ಕಳು ಕೂತು ನೋಡುವಂಥ ಸಾಹಸ, ಅದರ ಜೊತೆ ನರಸಿಂಹರಾಜು ಅವರ ಹಾಸ್ಯ.

ಇದೇ ಭಾರತದ ಮೊದಲ ಬಾಂಡ್ ಮಾದರಿ ಸಿನಿಮಾ ಅಂತ ನಮ್ಮವರು ಹೆಮ್ಮೆಯಿಂದ ಹೇಳೋದುಂಟು. ಅದು ಪೂರ್ತಿ ಸರಿಯಲ್ಲ. ತೆಲುಗಿನಲ್ಲಿ ಕೃಷ್ಣ ನಟಿಸಿದ 'ಗೂಢಚಾರಿ 116' 1966ರಲ್ಲೇ ಬಂದಿತ್ತು, ಅದರ ಹಿಂದಿ ರೂಪ 'ಫರ್ಜ್' 1967ರಲ್ಲಿ. 1962ರ 'ಡಾಕ್ಟರ್ ನೋ' ಹಚ್ಚಿದ ಬೆಂಕಿ ಎಲ್ಲಾ ಭಾಷೆಗೂ ಹತ್ತಿತ್ತು. ಆದರೆ ಅದನ್ನು ಒಂದು ಸರಣಿಯಾಗಿ ಬೆಳೆಸಿದ್ದು ಕನ್ನಡದ ಹೆಚ್ಚುಗಾರಿಕೆ.

ಈಗ ಗೋವಾದ ಮಾತಿಗೆ ಬರೋಣ. ಬೆಂಗಳೂರಿನವರಿಗೆ ಗೋವಾ ಅಂದರೆ ದೂರದ, ಬಣ್ಣದ ಊರು. ಖಾನಾಪುರದವರಿಗೆ ಗೋವಾ ಅಂದರೆ ಘಟ್ಟದ ಕೆಳಗಿನ ಊರು, ಅಷ್ಟೆ. ಲೋಂಡಾ, ತಿನೈಘಾಟ್, ಕ್ಯಾಸಲ್ ರಾಕ್ ದಾಟಿದರೆ ಮುಂದೆ ಪೋರ್ಚುಗೀಸರ ರಾಜ್ಯ. ಅಲ್ಲಿ ಸುಂಕ ಕಡಿಮೆ, ಹಾಗಾಗಿ ಪರದೇಶದ ಗಡಿಯಾರ, ಪೆನ್ನು, ಬಂಗಾರ ಅಗ್ಗ. ಈ ಕಡೆ 1956ರ ತನಕ ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು, ಅಲ್ಲಿ 1949ರ ಪಾನನಿಷೇಧ ಕಾಯ್ದೆ. ಅಂದಮೇಲೆ ಘಟ್ಟದ ಕಾಲುದಾರಿಯಲ್ಲಿ ಏನೇನು ಹತ್ತಿ ಬಂದಿರಬಹುದು ನೀವೇ ಊಹಿಸ್ರಿ.

1955ರ ಆಗಸ್ಟ್ 15ರಂದು ಗೋವಾದೊಳಗೆ ಹೊರಟ ಸತ್ಯಾಗ್ರಹಿಗಳ ಮೇಲೆ ಪೋರ್ಚುಗೀಸರು ಗುಂಡು ಹಾರಿಸಿದರು. ಭಾರತ ಗಡಿ ಬಿಗಿ ಮಾಡಿತು, ಗೋವಾಕ್ಕೆ ಹೋಗುವ ರೈಲು ನಿಂತಿತು. ರೈಲು ನಿಂತರೂ ಆಸೆ ನಿಲ್ಲುತ್ತದೆಯೇ? ಸಾಮಾನು ಕಾಲ್ನಡಿಗೆಯಲ್ಲಿ ಬರಲಿಕ್ಕೆ ಹತ್ತಿತು. ಹೊರುವವರು ಯಾರು? ಕಾಡಿನ ದಾರಿ ಗೊತ್ತಿದ್ದ ಬಡವರು. 1961ರ ಡಿಸೆಂಬರಿನಲ್ಲಿ ಬೆಳಗಾವಿ ಕಡೆ ಜಮೆಯಾದ ಸೈನ್ಯ ಗೋವಾಕ್ಕೆ ಇಳಿಯಿತು. ಡಿಸೆಂಬರ್ 19ಕ್ಕೆ ಪೋರ್ಚುಗೀಸರ ಆಳ್ವಿಕೆ ಮುಗಿಯಿತು, ಘಟ್ಟದ ಮೇಲಿನ ಆ ಗಡಿಯೂ ಹೋಯಿತು.

ಸಿನಿಮಾ ಬಂದ ಹೊತ್ತಿಗೆ ನಮ್ಮ ಸುತ್ತಲಿನ ಗಡಿಗಳೆಲ್ಲ ಮತ್ತೆ ಚರ್ಚೆಗೆ ಬಿದ್ದಿದ್ದವು. 1967ರ ಜನವರಿ 16ರಂದು ಗೋವಾದ ಜನ ಮಹಾರಾಷ್ಟ್ರದಲ್ಲಿ ವಿಲೀನ ಬೇಡ ಅಂತ ಮತ ಹಾಕಿದರು. ಅದೇ ವರ್ಷ ಮಹಾಜನ್ ಆಯೋಗ ವರದಿ ಕೊಟ್ಟಿತು. ಬೆಳಗಾವಿ ಮೈಸೂರು ರಾಜ್ಯದಲ್ಲೇ ಇರಲಿ, ನಂದಗಡದಂಥ ಕೆಲವು ಭಾಗ ಮಹಾರಾಷ್ಟ್ರಕ್ಕೆ ಹೋಗಲಿ ಅಂತ ಅದರ ಶಿಫಾರಸು. ಮಹಾರಾಷ್ಟ್ರ ಒಪ್ಪಲಿಲ್ಲ, ಹಂಚಿಕೆ ಆಗಲೇ ಇಲ್ಲ. ಇನ್ನು ಬಂಗಾರ: 1963ರಲ್ಲಿ 14 ಕ್ಯಾರಟ್ಟಿಗಿಂತ ಶುದ್ಧವಾದ ಒಡವೆ ಮಾಡಬಾರದು ಅಂತ ನಿಯಮ ಬಂತು, 1968ರಲ್ಲಿ ಬಂಗಾರ ನಿಯಂತ್ರಣ ಕಾಯ್ದೆಯೇ ಬಂತು. ಗೋವಾ ಮತ್ತು ಸಿಐಡಿ ಅನ್ನೋ ಎರಡು ಶಬ್ದ ಒಂದೇ ಪೋಸ್ಟರಿನಲ್ಲಿ ಕಂಡರೆ ಜನ ಟಾಕೀಜಿಗೆ ಓಡಿದ್ದು ಸುಮ್ಮನೆ ಅಲ್ಲ.

ಇಷ್ಟನ್ನೆಲ್ಲ ಒಂದು ಹಾಳೆಯ ಮೇಲೆ ಇಸ್ವಿ ಪ್ರಕಾರ ಬರೆದುಕೊಂಡಿದ್ದೆ. ಕೋಡಿನಲ್ಲಿ ತಪ್ಪು ಹುಡುಕುವವನ ಚಟ ಅದು. ಆಗ ಕಣ್ಣಿಗೆ ಬಿತ್ತು. ಅಜ್ಜ ಹೇಳುವ ಕಥೆ 1968ಕ್ಕೆ ಕೂಡುವುದೇ ಇಲ್ಲ. ಗಡಿಯೇ ಇಲ್ಲದ ಮೇಲೆ ಬಿದಿರಿನ ಗಳದಲ್ಲಿ ಗಡಿಯಾರ ತುಂಬಿ ರಾತ್ರಿ ಕಾಡು ಯಾಕೆ ದಾಟಬೇಕು? ಆ ಸೀನು 1961ಕ್ಕಿಂತ ಹಿಂದಿನದು. ಹೆಚ್ಚಾಗಿ ರೈಲು ನಿಂತ 1955ರ ಸುಮಾರಿನದು. ಅಜ್ಜ ಹುಟ್ಟಿದ್ದು 1942ರಲ್ಲಿ. 1955ಕ್ಕೆ ಹದಿಮೂರು.

ಅಷ್ಟರಲ್ಲಿ ಅಜ್ಜ ಹೋಗಿ ಎರಡು ವರ್ಷ ಆಗಿತ್ತು. ಊರಿಗೆ ಹೋದಾಗ ಅಜ್ಜಿಯನ್ನು ಕೇಳಿದೆ.

"ಟಾಕೀಜಿನ್ಯಾಗ ಎಲ್ಲಿ ನೋಡ್ಯಾನ? ನಿಮ್ಮಪ್ಪ ಆಗ ಮೂರು ವರ್ಷದ ಕೂಸು, ಜ್ವರಾ ಬಂದು ಮಲಗಿತ್ತು. ಔಷಧ ತರಾಕ ಬೆಳಗಾವಿಗೆ ಹೋಗಿದ್ದ. ಗ್ವಾಡಿ ಮ್ಯಾಲ ಪೋಸ್ಟರ್ ನೋಡಿ ಬಂದ, ಅಷ್ಟ."

"ಮತ್ತ ಆ ಹುಡುಗನ ಕಥಿ?"

ಅಜ್ಜಿ ಅಕ್ಕಿಯಲ್ಲಿನ ಹರಳು ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ. "ಎರಡು ದಿನ ಕೂಡಿಸಿದ್ರಂತ. ಭಾಳ ಹೊಡದ್ರಂತ. ಕೂಲಿ ಕೊಟ್ಟಾವ ಓಡಿ ಹ್ವಾದ. ಮಂದಿ ಮುಂದ ಹೇಳೂ ಮಾತೇನು ಅದು?"

ನಮ್ಮಜ್ಜನ ಎಡಭುಜ ಸರಿಯಾಗಿ ಮೇಲೆ ಏಳುತ್ತಿರಲಿಲ್ಲ. ಎತ್ತು ಹಾಯ್ದದ್ದು ಅಂತ ನಮಗೆಲ್ಲ ಹೇಳಿದ್ದ.

ಆಮೇಲೆ ಆ ಸಿನಿಮಾವನ್ನು ಮೊಬೈಲಿನಲ್ಲೂ ನೋಡಿದೆ. ಅಲ್ಲೂ ಹುಡುಗ ಇಲ್ಲ. ಯಾರೂ ಕತ್ತರಿಸಿರಲಿಲ್ಲ. ಕಳ್ಳಸಾಗಣೆಯ ಇತಿಹಾಸ ಬರೆಯುವವರು ಕಾಯ್ದೆ ಬರೆಯುತ್ತಾರೆ, ಬಂಗಾರದ ದರ ಬರೆಯುತ್ತಾರೆ, ದೊಡ್ಡ ಕುಳಗಳ ಹೆಸರು ಬರೆಯುತ್ತಾರೆ. ಒಂದು ರಾತ್ರಿಯ ಕೂಲಿಗೆ ಗಳ ಹೊತ್ತ ಹುಡುಗರ ಹೆಸರು ಅಲ್ಲಿ ಬರೋದಿಲ್ಲ. ಆ ಹುಡುಗರಿಗೂ ಹೇಳಿಕೊಳ್ಳಲಿಕ್ಕೆ ನಾಚಿಕೆ. ನಮ್ಮಜ್ಜನಿಗೆ ಒಂದು ಪೋಸ್ಟರ್ ಸಿಕ್ಕಿತು. ತನ್ನ ಕಥೆಯನ್ನು ಅದರೊಳಗೆ ಇಟ್ಟು ನಲವತ್ತು ವರ್ಷ ಹೇಳಿದ. ಹೊಡೆದವರ ಜಾಗದಲ್ಲಿ ರಾಜಕುಮಾರನನ್ನು ನಿಲ್ಲಿಸಿದ. ನಾನು ಸಿಡಿ ತಂದು ಎಲ್ಲರ ಮುಂದೆ ಅದನ್ನು ಸುಳ್ಳು ಮಾಡಿದೆ. ಆವತ್ತಿನ ನಂತರ ಅವನು ಆ ಕಥೆ ಹೇಳಲೇ ಇಲ್ಲ ಅನ್ನೋದು ನನಗೆ ಹೊಳೆದದ್ದು ಕೂಡ ತೀರಾ ತಡವಾಗಿ.

'ಕಸ್ತೂರಿ ನಿವಾಸ'ಕ್ಕೆ ಬಣ್ಣ ಬಳಿದು 2014ರಲ್ಲಿ ಮತ್ತೆ ಬಿಡುಗಡೆ ಮಾಡಿದರು. 999 ಸರಣಿಗೂ ಮುಂದೆ ಯಾರಾದರೂ ಒಳ್ಳೆ ಪ್ರತಿ ಮಾಡಿದರೆ ಖಂಡಿತ ನೋಡುತ್ತೇನೆ. ಮೋಸರ್ ಬೇರ್ 2018ರಲ್ಲಿ ದಿವಾಳಿಯಾಗಿ ಮುಚ್ಚುವ ಹಂತಕ್ಕೆ ಬಂತು, ಡಿಸ್ಕಿನ ಕಾಲವೂ ಮುಗಿಯಿತು. ನನ್ನ ಹತ್ತಿರ ಇರುವ ವಿಸಿಡಿಯ ಎರಡನೇ ಡಿಸ್ಕಿಗೆ ಬೂಸು ಹತ್ತಿ ಈಗ ಓಡೋದಿಲ್ಲ.

ನಿಮ್ಮ ಮನೆಯ ಹಿರಿಯರು ಹಳೆ ಸಿನಿಮಾದ ಕಥೆ ತಪ್ಪಾಗಿ ಹೇಳಿದರೆ ತಿದ್ದಲಿಕ್ಕೆ ಹೋಗಬ್ಯಾಡ್ರಿ. "ಆಮೇಲೆ ಏನಾತು?" ಅಂತ ಕೇಳ್ರಿ. ನಾನು ಕೇಳಲಿಲ್ಲ.