ಎದುರಾಳಿಯ ಊರಿನಲ್ಲಿ ಎರಕಗೊಂಡ ಸೈನಿಕರು

ಸ್ಟಾಕ್‌ಹೋಮಿನ ಕುಂಗ್ಸ್‌ಟ್ರೇದ್‌ಗೋರ್ಡನ್ ಉದ್ಯಾನಕ್ಕೆ ವಸಂತದಲ್ಲಿ ಚೆರ್ರಿ ಹೂವು ನೋಡಲು ಹೋದ ನಮ್ಮ ಸದಸ್ಯ ಕುಟುಂಬಗಳೆಲ್ಲವೂ ಅಲ್ಲಿನ ಕಂಚಿನ ಪ್ರತಿಮೆಯೊಂದನ್ನು ಕಂಡಿರುತ್ತವೆ. ಬಲಗೈಯಲ್ಲಿ ಹಿರಿದ ಕತ್ತಿ, ಪೂರ್ವಕ್ಕೆ ಚಾಚಿದ ಎಡಗೈ. ಅದು ಹನ್ನೆರಡನೆಯ ಕಾರ್ಲ್ ದೊರೆಯ ಪ್ರತಿಮೆ. ಶಿಲ್ಪಿ ಯುಹಾನ್ ಪೀಟರ್ ಮೊಲಿನ್, ಸ್ಥಾಪನೆ 1868ರಲ್ಲಿ. ದೊರೆ ಬೆರಳು ಚಾಚಿರುವುದು ರಷ್ಯಾದತ್ತ. ಆತನ ನೀಲಿ ಅಂಗಿಯ ಸೈನಿಕರನ್ನು ಇಲ್ಲಿ 'ಕರೋಲೀನರು' ಎಂದು ಕರೆಯುತ್ತಾರೆ. ಆ ಸೈನಿಕರ ಪ್ಲಾಸ್ಟಿಕ್ ಪ್ರತಿರೂಪಗಳನ್ನು ಕೊಳ್ಳಬಯಸುವ ಇಂದಿನ ಸಂಗ್ರಾಹಕನಿಗೆ ಸಿಗುವ ಪೆಟ್ಟಿಗೆಯ ಮೇಲೆ ಬಹುತೇಕ ಯಾವ ದೇಶದ ಹೆಸರಿರುತ್ತದೆ ಎಂದರೆ, ಅದೂ ರಷ್ಯಾದ್ದೇ.

ಮಾಸ್ಕೋ ಸಮೀಪದ ಲೋಬ್ನ್ಯಾ ಎಂಬಲ್ಲಿ 1990ರಲ್ಲಿ ಆರಂಭವಾದ ಜ್ವೆಜ್ದಾ ಎಂಬ ಕಂಪನಿ ಹನ್ನೆರಡನೆಯ ಕಾರ್ಲನ ಪದಾತಿದಳ, ಅಶ್ವದಳ, ಫಿರಂಗಿದಳ ಮೂರನ್ನೂ 1/72ರ ಪ್ರಮಾಣದಲ್ಲಿ ತಯಾರಿಸಿದೆ. ಎಂದರೆ ಐದೂವರೆ ಅಡಿಯ ಆಳು ಇಲ್ಲಿ ಸುಮಾರು 23 ಮಿಲಿಮೀಟರಿನ ಗೊಂಬೆ. ಕಿರುಬೆರಳಿನ ತುದಿಯ ಗೆಣ್ಣಿಗೆ ಸಮ. ಅಷ್ಟರಲ್ಲೇ ಮಡಿಚಿದ ಕೋಟಿನ ಅಂಚು, ತೋಟಾ ಚೀಲ, ಮುಕ್ಕೋನದ ಟೋಪಿ ಎಲ್ಲವೂ ಕಾಣುತ್ತವೆ. ಕರೋಲೀನ್ ಪದಾತಿಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ಬಂದೂಕಿನ ಬದಲು ಐದು ಮೀಟರಿಗೂ ಉದ್ದದ ಈಟಿ ಹಿಡಿದವರು. ಆ ಈಟಿಯನ್ನು ಈ ಪ್ರಮಾಣಕ್ಕೆ ಇಳಿಸಿದರೆ ಏಳು ಸೆಂಟಿಮೀಟರಿನ ದಾರದಂತಹ ಕಡ್ಡಿಯಾಗುತ್ತದೆ. ಮೆದು ಪ್ಲಾಸ್ಟಿಕ್ಕಿನಲ್ಲಿ ಇಂಥ ಕಡ್ಡಿ ಬಾಗುವುದು ಸಹಜ. ಬಿಸಿನೀರಿನಲ್ಲಿ ಅದ್ದಿ ನೆಟ್ಟಗೆ ಮಾಡಿ ಒಡನೆಯೇ ತಣ್ಣೀರಿಗೆ ಹಾಕುವುದು ಸಂಗ್ರಾಹಕರ ಹಳೆಯ ಉಪಾಯ.

ಸ್ವೀಡನ್ನಿನ ಸೈನಿಕನನ್ನು ರಷ್ಯಾ ಏಕೆ ತಯಾರಿಸಬೇಕು? ಉತ್ತರ ಪೊಲ್ತಾವಾದಲ್ಲಿದೆ. ಇಂದಿನ ಉಕ್ರೇನಿನ ಆ ಪಟ್ಟಣದ ಬಳಿ 1709ರಲ್ಲಿ ಕಾರ್ಲನ ಸೇನೆಯನ್ನು ಪೀಟರ್ ಚಕ್ರವರ್ತಿ ನುಚ್ಚುನೂರು ಮಾಡಿದ. ಕಾಲಿಗೆ ಗುಂಡೇಟು ಬಿದ್ದಿದ್ದ ಕಾರ್ಲ್ ಅಂದು ಡೋಲಿಯಲ್ಲಿ ಕುಳಿತು ಯುದ್ಧ ನಡೆಸಬೇಕಾಯಿತು. ಉಳಿದ ಸೇನೆಯ ಹೆಚ್ಚಿನ ಭಾಗ ಕೆಲವೇ ದಿನಗಳಲ್ಲಿ ಶರಣಾಯಿತು. ಸಾವಿರಾರು ಸೆರೆಯಾಳುಗಳು ಸೈಬೀರಿಯದವರೆಗೆ ನಡೆದರು. (ಆ ದಿನಕ್ಕೆ ಮೂರು ತಾರೀಖುಗಳಿವೆ. ರಷ್ಯದ ಅಂದಿನ ಲೆಕ್ಕದಲ್ಲಿ ಜೂನ್ 27, ಸ್ವೀಡನ್ನಿನ ಲೆಕ್ಕದಲ್ಲಿ ಜೂನ್ 28, ಇಂದಿನ ಲೆಕ್ಕದಲ್ಲಿ ಜುಲೈ 8. ಚಾಂದ್ರಮಾನ, ಸೌರಮಾನಗಳೆರಡನ್ನೂ ಸಂಭಾಳಿಸಿ ಯುಗಾದಿ ಮಾಡುವ ನಮಗೆ ಇದೇನು ದೊಡ್ಡ ತೊಡಕಲ್ಲ.) ಪೊಲ್ತಾವಾ ಸ್ವೀಡನ್ನಿಗೆ ಸಾಮ್ರಾಜ್ಯ ಕುಸಿಯತೊಡಗಿದ ದಿನ, ರಷ್ಯಕ್ಕೆ ಸಾಮ್ರಾಜ್ಯ ಮೇಲೇರಿದ ದಿನ. ಆದ್ದರಿಂದ ಅಲ್ಲಿನ ಮಗುವಿಗೆ ಪೀಟರನ ಹಸಿರು ಅಂಗಿಯ ಪಡೆಯನ್ನು ಕೊಡುವವರು ಎದುರಿಗೆ ನೀಲಿಯ ಪಡೆಯನ್ನೂ ಕೊಡಲೇಬೇಕು. ಪಾಂಡವರ ಗೊಂಬೆಗಳನ್ನಷ್ಟೇ ಜೋಡಿಸಿ ಕುರುಕ್ಷೇತ್ರ ಆಡಲಾದೀತೆ?

ಇದಕ್ಕೆ ವ್ಯಾಪಾರದ ಲೆಕ್ಕವೂ ಸೇರಿದೆ. ಕರಗಿದ ಪ್ಲಾಸ್ಟಿಕ್ಕನ್ನು ಒತ್ತಡದಿಂದ ತುಂಬುವ ಉಕ್ಕಿನ ಅಚ್ಚು ಬಲು ದುಬಾರಿ. ಅಪಾರ ಸಂಖ್ಯೆಯಲ್ಲಿ ಪೆಟ್ಟಿಗೆಗಳು ಮಾರಾಟವಾದರಷ್ಟೇ ಅದರ ವೆಚ್ಚ ಹುಟ್ಟುತ್ತದೆ. ಒಂದು ಕೋಟಿ ಜನರ ಸ್ವೀಡನ್ ಒಂದನ್ನೇ ನೆಚ್ಚಿ ಅಂಥ ಅಚ್ಚು ಕೊರೆಸುವುದು ಕಷ್ಟ. ಹೀಗಾಗಿ ಸೋಲಿಸಿದವರು ಅಥವಾ ಸೋತವರು, ಒಟ್ಟಿನಲ್ಲಿ ಎದುರಿಗಿದ್ದವರು, ಈ ದೇಶದ ಸೈನಿಕರನ್ನು ಮಾಡಿದರು. ಮೂವತ್ತು ವರ್ಷಗಳ ಯುದ್ಧದ ಸ್ವೀಡಿಷ್ ಪದಾತಿಗಳನ್ನು ಹೊರತಂದದ್ದು ಜರ್ಮನಿಯ ರೆವೆಲ್. ಎರಡನೆಯ ಗುಸ್ತಾವ್ ಅಡಾಲ್ಫ್ ದೊರೆ 1631ರಲ್ಲಿ ಬ್ರೈಟನ್‌ಫೆಲ್ಡಿನಲ್ಲಿ ಗೆದ್ದದ್ದೂ, 1632ರಲ್ಲಿ ಲ್ಯೂಟ್ಸನ್‌ನಲ್ಲಿ ಮಡಿದದ್ದೂ ಜರ್ಮನ್ ನೆಲದಲ್ಲೇ. ಅಲ್ಲಿನ ಹಳ್ಳಿಗಳಲ್ಲಿ ಹಟಮಾರಿ ಮಕ್ಕಳನ್ನು 'ಸ್ವೀಡನ್ನಿನವರು ಬಂದರು' ಎಂದು ಹೆದರಿಸುವ ರೂಢಿ ಬಹುಕಾಲ ಉಳಿದಿತ್ತು. ನಮ್ಮ ಗುಮ್ಮನ ಸ್ಥಾನ ಅಲ್ಲಿ ಇವರಿಗೆ ದೊರಕಿತ್ತೆನ್ನಬೇಕು.

ಈ ಮಾತು ಬಂದಾಗ ನಮ್ಮ ನಾಡಿನ ಒಂದು ಗೊಂಬೆಯನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿರುವ ಟಿಪ್ಪುವಿನ ಹುಲಿ ಮೂಲತಃ ಯುರೋಪಿಯನ್ನನೊಬ್ಬನ ಮರದ ಗೊಂಬೆಯೂ ಹೌದು. ಅಂಗಾತ ಬಿದ್ದವನ ಮೇಲೆ ಹುಲಿ ಎರಗಿದೆ. ಹಿಡಿಕೆ ತಿರುಗಿಸಿದರೆ ಬಿದ್ದವನ ಕೈ ಮೇಲೇಳುತ್ತದೆ, ಗಂಟಲಿನಿಂದ ನರಳಿಕೆ ಹೊರಡುತ್ತದೆ, ಹುಲಿ ಗುರುಗುಟ್ಟುತ್ತದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಬ್ರಿಟಿಷರು ಅದನ್ನು ಹೊತ್ತೊಯ್ದರು. ಎದುರಾಳಿಯ ಗೊಂಬೆ ಮಾಡಿಸುವ ಆಸೆ ಮೈಸೂರಿನ ಅರಮನೆಗೂ ಲೋಬ್ನ್ಯಾದ ಕಾರ್ಖಾನೆಗೂ ಒಂದೇ. ಮರಗೆಲಸದವನ ಕೌಶಲ ಮಾತ್ರ ನಮ್ಮದೇ ಮೇಲೆಂದು ಹೇಳಿಕೊಳ್ಳಲು ನಮಗೆ ಸಂಕೋಚವಿಲ್ಲ.

ಪ್ಲಾಸ್ಟಿಕ್ಕಿಗೂ ಮುನ್ನ ಸ್ವೀಡನ್ನಿನ ಸೈನಿಕರು ಲೋಹದಲ್ಲಿದ್ದರು, ಆಗಲೂ ಅವರು ಪರದೇಶವಾಸಿಗಳೇ. ಕಾರ್ಲ್‌ಸ್ಟಾಡ್‌ನ ಹೋಲ್ಗರ್ ಎರಿಕ್‌ಸನ್ ಇಪ್ಪತ್ತನೆಯ ಶತಮಾನದ ಶ್ರೇಷ್ಠ ಗೊಂಬೆ ಶಿಲ್ಪಿಗಳಲ್ಲಿ ಒಬ್ಬ. ಆತನ ಕುದುರೆಗಳ ಓಟದ ಭಂಗಿಯನ್ನು ಇಂದಿಗೂ ಮೀರಿಸಿದವರು ವಿರಳ. ಎರಡನೆಯ ಮಹಾಯುದ್ಧದ ನಂತರ ಆತನ ಮಾದರಿಗಳು ಅಮೆರಿಕದ ಕಂಪನಿಯೊಂದರ 'ಆಥೆಂಟಿಕಾಸ್ಟ್' ಎಂಬ ಹೆಸರಿನಲ್ಲಿ ಐರ್ಲೆಂಡಿನಲ್ಲಿ ಎರಕಗೊಂಡವು. 1950ರ ದಶಕದಲ್ಲಿ ಕುರ್ಟ್ ವೆನ್‌ಬರ್ಗ್ ಎಂಬ ಸ್ವೀಡಿಷ್ ಉದ್ಯಮಿ ದಕ್ಷಿಣ ಆಫ್ರಿಕದ ಕೇಪ್‌ಟೌನಿನಲ್ಲಿ 'ಸ್ವೀಡಿಷ್ ಆಫ್ರಿಕನ್ ಎಂಜಿನಿಯರ್ಸ್' ಎಂಬ ಗಂಭೀರ ಹೆಸರಿಟ್ಟು ಕಾರ್ಖಾನೆ ತೆರೆದ. ಹೆಸರಲ್ಲಿ ಎಂಜಿನಿಯರುಗಳು, ಒಳಗೆ ಎರಕ ಹೊಯ್ದು ಬಣ್ಣ ಬಳಿದದ್ದು ಮೂವತ್ತು ಮಿಲಿಮೀಟರಿನ ಸಿಪಾಯಿಗಳಿಗೆ. 1976ರಲ್ಲಿ ಲಾರ್ಸ್ ಎಡ್‌ಮನ್ ಐರ್ಲೆಂಡಿನ ಕಾರ್ಕ್ ಪ್ರಾಂತದಲ್ಲಿ ಆರಂಭಿಸಿದ 'ಪ್ರಿನ್ಸ್ ಆಗಸ್ಟ್' ಮನೆಯಲ್ಲೇ ಎರಕ ಹೊಯ್ಯುವ ರಬ್ಬರ್ ಅಚ್ಚುಗಳನ್ನು ಮಾರಿತು. ಅವುಗಳಲ್ಲೂ ಎರಿಕ್‌ಸನ್ನನ ಕೈವಾಡವಿದೆ.

ಈ ದೇಶ ಆಟಿಕೆ ಸೈನಿಕನನ್ನು ಹಗುರವಾಗಿ ಕಂಡಿಲ್ಲವೆಂಬುದಕ್ಕೆ 1979ರ ಒಪ್ಪಂದ ಸಾಕ್ಷಿ. ಅದು ವಿಶ್ವಸಂಸ್ಥೆಯ ಅಂತಾರಾಷ್ಟ್ರೀಯ ಮಕ್ಕಳ ವರ್ಷ; ಮಕ್ಕಳನ್ನು ಹೊಡೆಯುವುದನ್ನು ಸ್ವೀಡನ್ ಕಾನೂನಿನಿಂದ ನಿಷೇಧಿಸಿದ್ದೂ ಅದೇ ವರ್ಷ. ಆಧುನಿಕ ಯುದ್ಧವನ್ನು ಅನುಕರಿಸುವ ಆಟಿಕೆಗಳನ್ನು ಮಾರುವುದಿಲ್ಲವೆಂದು ಆಟಿಕೆ ವ್ಯಾಪಾರಿಗಳು ಸರಕಾರಿ ಸಂಸ್ಥೆಗಳೊಡನೆ ಒಪ್ಪಂದ ಮಾಡಿಕೊಂಡರು. ಗಡಿರೇಖೆ ಎಳೆದದ್ದು 1914ಕ್ಕೆ. ಆ ವರ್ಷದಿಂದೀಚಿನ ಯುದ್ಧಗಳ ಗೊಂಬೆ, ಟ್ಯಾಂಕು, ಬಂದೂಕು ಬೇಡ. ಅದಕ್ಕೆ ಹಿಂದಿನದು ಚರಿತ್ರೆ. ಪೊಲ್ತಾವಾದ ಈಟಿಗಾರ ಹೀಗೆ ಪಾರಾದ. ಇದು ಕಾನೂನಲ್ಲ, ಸ್ವಯಂಪ್ರೇರಿತ ಕಟ್ಟುಪಾಡು. ಈ ರೇಖೆ ತರ್ಕಬದ್ಧವೆಂದು ನಾವು ಹೇಳಲಾರೆವು. ಈಟಿಯಿಂದ ಸತ್ತವನೂ ಸತ್ತವನೇ. ಆದರೂ ಮಗುವಿನ ಕೈಗೆ ಏನು ಕೊಡಬೇಕೆಂದು ಒಂದು ದೇಶ ಒಟ್ಟಾಗಿ ಕುಳಿತು ಯೋಚಿಸಿದ್ದಕ್ಕೆ ನಮ್ಮ ಗೌರವವಿದೆ.

1814ರಿಂದ ಸ್ವೀಡನ್ ಯುದ್ಧ ಕಂಡಿಲ್ಲ. ಆದರೆ 2010ರಲ್ಲಿ ನಿಂತುಹೋಗಿದ್ದ ಕಡ್ಡಾಯ ಸೇನಾ ಸೇವೆಯನ್ನು 2017ರಲ್ಲಿ ಮತ್ತೆ ತರಲು ನಿರ್ಧಾರವಾಯಿತು, ಈ ಬಾರಿ ಹುಡುಗಿಯರಿಗೂ. 2024ರ ಮಾರ್ಚಿನಲ್ಲಿ ದೇಶ ನ್ಯಾಟೊ ಸೇರಿತು. ಅದೇ ವರ್ಷದ ಕೊನೆಗೆ, ಯುದ್ಧ ಬಂದರೆ ಏನು ಮಾಡಬೇಕೆಂಬ ಕಿರುಹೊತ್ತಗೆ ನಮ್ಮ ಮನೆಗಳ ಅಂಚೆಪೆಟ್ಟಿಗೆಗೂ ಬಿತ್ತು. ಇಲ್ಲಿಯ ಪೌರತ್ವ ಪಡೆದ ನಮ್ಮ ಮಕ್ಕಳು ಹದಿನೆಂಟಕ್ಕೆ ಕಾಲಿಡುವಾಗ ಸೇನೆಯ ಪ್ರಶ್ನಾವಳಿಯನ್ನು ತುಂಬಲೇಬೇಕು. ಚಿಕ್ಕಂದಿನಲ್ಲಿ ಈ ನೀಲಿ ಗೊಂಬೆಗಳನ್ನು ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿದವರೇ ಈಗ ಆ ಪತ್ರ ಹಿಡಿದು ಅಪ್ಪ ಅಮ್ಮನ ಮುಖ ನೋಡುತ್ತಿದ್ದಾರೆ. ಕೊಡಗಿನ ಮನೆತನಗಳಿಗೆ ಇದು ಹೊಸತಲ್ಲ. ಉಳಿದ ನಮ್ಮಲ್ಲಿ ಹೆಚ್ಚಿನವರಿಗೆ ಇಂಥ ಪತ್ರ ಬರುವ ಮನೆಯಲ್ಲಿ ಬದುಕಿದ ಅನುಭವವಿಲ್ಲ. ಊರಿನಲ್ಲಿರುವ ಅಜ್ಜಿ ತಾತಂದಿರಿಗೆ ಏನೆಂದು ತಿಳಿಸುವುದೆಂಬ ಮಾತು ನಮ್ಮ ಕೂಟದ ಊಟದ ಪಂಕ್ತಿಯಲ್ಲಿ ಈಗ ಪದೇ ಪದೇ ಕೇಳಿಬರುತ್ತದೆ. ಪೊಲ್ತಾವಾ ಇರುವ ದೇಶದಲ್ಲಿ ಯುದ್ಧ ನಡೆದಿದೆ. 1/72ರ ಗೊಂಬೆಗಳನ್ನು ತಯಾರಿಸುವ ಒರಾಯನ್, ಮಾರ್ಸ್, ರೆಡ್‌ಬಾಕ್ಸ್ ಕಂಪನಿಗಳು ಆ ಉಕ್ರೇನಿನವೇ. ಸಂಗ್ರಾಹಕನ ಒಂದೇ ಕಪಾಟಿನಲ್ಲಿ ಅವರ ಪೆಟ್ಟಿಗೆಯೂ ಲೋಬ್ನ್ಯಾದ ಪೆಟ್ಟಿಗೆಯೂ ಅಕ್ಕಪಕ್ಕ ಕುಳಿತಿರುತ್ತವೆ.

ಕುತೂಹಲವುಳ್ಳವರು ಸ್ಟಾಕ್‌ಹೋಮಿನ ಅರಮನೆಯ ಲಿವ್‌ರುಸ್ಟ್‌ಕಮ್ಮರನ್ ಸಂಗ್ರಹಾಲಯದಲ್ಲಿ ಕಾರ್ಲನ ನಿಜವಾದ ನೀಲಿ ಅಂಗಿಯನ್ನೂ, 1718ರಲ್ಲಿ ಗುಂಡು ತೂರಿದ ಟೋಪಿಯನ್ನೂ ನೋಡಬಹುದು. ಇನ್ನು ಲೊಪ್ಪಿಸ್‌ಗಳಲ್ಲಿ ಹಳೆಯ ಸೈನಿಕರು ಸಿಕ್ಕಿದರೆ ಮೊದಲು ಕೈಯಲ್ಲಿ ತೂಗಿ ನೋಡಿ. ಭಾರವಿದ್ದರೆ ಅದರಲ್ಲಿ ಸೀಸವಿರುವ ಸಂಭವ ಹೆಚ್ಚು. ದಸರಾ ಗೊಂಬೆಗಳ ನಡುವೆ ಕೂರಿಸುವುದಾದರೆ ಅಂಬೆಗಾಲಿನ ಮಕ್ಕಳಿಗೆ ಎಟುಕದ ಮೇಲಿನ ಮೆಟ್ಟಿಲಲ್ಲಿ ಕೂರಿಸಿ, ಮುಟ್ಟಿದ ಕೈ ತೊಳೆಯಿರಿ. ಹಗುರವಾದ ಹಳೆಯ ಪ್ಲಾಸ್ಟಿಕ್ಕಿನದಾದರೆ ಬಗ್ಗಿಸಿ ನೋಡಬೇಡಿ. ವರ್ಷಗಳು ಕಳೆದಂತೆ ಅದು ಹಪ್ಪಳದಂತೆ ಮುರಿಯುತ್ತದೆ, ಮೊದಲು ಹೋಗುವುದು ಕಣಕಾಲು.