ಕಾಲುವೆಯ ಕೆಳಗಣ ನೆಲ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆ ನಿಮಗೆ ತಿಳಿದೇ ಇದೆ. ಈ ಎರಡಕ್ಕೂ ಮೊದಲು ಮಾಡಬೇಕಾದ ಕೆಲಸವೊಂದುಂಟು. ಅದು ನೆಲವನ್ನು ಹುಡುಕುವ ಕೆಲಸ. ಹಿರಿಯರು ಬಿಟ್ಟುಹೋದ ಹೊಲದಲ್ಲಿಯೇ ಸಂಸಾರ ಹೂಡಿದವರಿಗೆ ಆ ಚಿಂತೆ ಇಲ್ಲ. ಆದರೆ ಕೈಯಲ್ಲಿ ಸ್ವಲ್ಪವೇ ಹಣ, ಜೊತೆಯಲ್ಲಿ ಹೆಂಡತಿ ಮಕ್ಕಳು, ಎದುರಿಗೆ ಗುರುತಿಲ್ಲದ ಸೀಮೆ—ಹೀಗೆ ಹೊರಟವನು ತನಗೆ ನಿಲುಕುವ ಬೆಲೆಯ ನೆಲವನ್ನು ಎಲ್ಲಿ ಕಂಡುಕೊಂಡಾನು? ನಮ್ಮ ನಾಡಿನಲ್ಲಿಯೇ, ಒಂದೆರಡು ತಲೆಮಾರಿನ ಹಿಂದೆ, ಸಾವಿರಾರು ಸಂಸಾರಗಳು ಈ ಪ್ರಶ್ನೆಗೆ ಉತ್ತರ ಕಂಡುಕೊಂಡವು. ಆ ಕಥೆಯನ್ನು ಅರಿಯಬೇಕಾದರೆ, ಕೊಪ್ಪಳದಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿ ಹಿಟ್ನಾಳದವರೆಗೆ ನೀವು ನನ್ನೊಡನೆ ಬರಬೇಕು.

ಹಿಟ್ನಾಳದ ನೆರೆಯಲ್ಲಿಯೇ ಹುಲಿಗೆಮ್ಮನ ಕ್ಷೇತ್ರ. ಅದರ ಪಕ್ಕದಲ್ಲಿ ಮುನಿರಾಬಾದು. ತುಂಗಭದ್ರಾ ಅಣೆಕಟ್ಟಿನ ಎಡದ ತುದಿ ಇರುವುದು ಅಲ್ಲಿ. ಎಡದಂಡೆಯ ಮುಖ್ಯ ಕಾಲುವೆ ಅಲ್ಲಿಂದ ಹೊರಟು, ಪಾಪಯ್ಯ ಸುರಂಗವನ್ನು ಹಾಯ್ದು, ಗಂಗಾವತಿ, ಸಿಂಧನೂರು, ಮಾನ್ವಿಗಳ ಕಡೆಗೆ ಒಟ್ಟು 227 ಕಿಲೋಮೀಟರು ಹರಿಯುತ್ತದೆ. ಕಾಲುವೆಯ ನೀರು ಇಳಿಜಾರಿನ ಕಡೆಗಷ್ಟೇ ಹರಿಯಬಲ್ಲದು. ಆದ್ದರಿಂದ ಅದರ ಕೆಳಮಗ್ಗುಲಿನ ಹೊಲ ಗದ್ದೆಯಾಯಿತು. ಮೇಲ್ಮಗ್ಗುಲಿನ ಹೊಲ ಹೊಲವಾಗಿಯೇ ಉಳಿಯಿತು. ಒಂದೇ ಊರು, ಒಂದೇ ಮಣ್ಣು. ನಡುವೆ ಒಂದು ಕಾಲುವೆ. ಇಲ್ಲಿ ನೆಲದ ಬೆಲೆ ಇಬ್ಭಾಗವಾದದ್ದು ಹೀಗೆ.

ಕಾಲುವೆಗೆ ಮೊದಲು ಈ ಸೀಮೆ ಹೇಗಿತ್ತು? ಹೈದರಾಬಾದ್ ಸಂಸ್ಥಾನದ ಆಳಿಕೆ. ಕೊಪ್ಪಳ, ಯಲಬುರ್ಗಿಗಳು ಸಾಲಾರ್ ಜಂಗರ ಜಹಗೀರು. ಎರೆ ಹೊಲದಲ್ಲಿ ಬಿಳಿಜೋಳ, ಕಡಲೆ, ಕುಸುಬೆ, ಹತ್ತಿ. ಮಸಾರಿ ಹೊಲದಲ್ಲಿ ಸಜ್ಜೆ, ನವಣೆ. ಮಳೆ ಸಾಲದ್ದು, ಅದರಲ್ಲಿಯೂ ನಂಬುವಂತಹುದಲ್ಲ. 1876ರಿಂದ 1878ರವರೆಗಿನ ಘೋರ ಬರಗಾಲದಲ್ಲಿ ಹೊಳೆಯ ಎರಡೂ ದಂಡೆಯ ಜನ ಅನ್ನವಿಲ್ಲದೆ ಸತ್ತರು. ಹಾಗೆಂದು ನೀರಾವರಿ ಈ ನಾಡಿಗೆ ಹೊಸದೇನೂ ಆಗಿರಲಿಲ್ಲ. ವಿಜಯನಗರದ ಕಾಲದ ಹುಲಗಿ, ಶಿವಪುರ, ಆನೆಗೊಂದಿ, ಗಂಗಾವತಿ ಕಾಲುವೆಗಳು ಹೊಳೆಯಂಚಿನ ಗದ್ದೆಗಳಿಗೆ ನೂರಾರು ವರ್ಷ ನೀರುಣಿಸಿದ್ದವು. ಆದರೆ ಅವುಗಳ ನೀರು ಹೊಳೆಯ ಮಗ್ಗುಲು ಬಿಟ್ಟು ದೂರ ಹೋಗುತ್ತಿರಲಿಲ್ಲ. ಅದರಾಚೆಗೆ ಹತ್ತಾರು ಎಕರೆಯ ಒಡೆಯನೂ ಆಕಾಶವನ್ನೇ ನೋಡಬೇಕಾಗಿತ್ತು. ಅಲ್ಲಿ ನೆಲ ಅಗ್ಗವಾಗಿದ್ದುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಮದರಾಸು ಮತ್ತು ಹೈದರಾಬಾದ್ ಸರಕಾರಗಳು 1944ರಲ್ಲಿ ಒಪ್ಪಂದಕ್ಕೆ ಬಂದು, 1945ರ ಫೆಬ್ರವರಿಯಲ್ಲಿ ಅಡಿಗಲ್ಲಿಟ್ಟವು. ಕಟ್ಟೆ ಮೇಲೇಳುತ್ತಿದ್ದಾಗಲೇ ಹೈದರಾಬಾದು ಭಾರತದಲ್ಲಿ ಸೇರಿತು. 1949ರಲ್ಲಿ ಜಹಗೀರುಗಳು ರದ್ದಾದವು. 1953ರಲ್ಲಿ ಕಾಲುವೆಗೆ ನೀರು ಬಂದಿತು. 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆ ಕನ್ನಡ ರಾಜ್ಯಕ್ಕೆ ಸೇರಿತು. ಕೆಲವೇ ವರ್ಷಗಳಲ್ಲಿ ಆಳಿಕೆ, ಒಡೆತನ, ನೀರು ಎಲ್ಲವೂ ಬದಲಾದವು. ಇಂತಹ ಸಂಧಿಕಾಲದಲ್ಲಿ ನೆಲ ಕೈಯಿಂದ ಕೈಗೆ ಹೋಗುವುದು ಸಹಜ.

ಕೊಳ್ಳಲು ಬಂದವರು ಯಾರು? ಬಹುಮಟ್ಟಿಗೆ ಕೃಷ್ಣಾ ಗೋದಾವರಿಗಳ ಮುಖಜಭೂಮಿಯ ತೆಲುಗು ರೈತರು. ಧವಳೇಶ್ವರದ ಅಣೆಕಟ್ಟು 1852ರಲ್ಲಿಯೂ, ಬೆಜವಾಡದ್ದು 1855ರಲ್ಲಿಯೂ ಮುಗಿದಿದ್ದವು. ನೂರು ವರ್ಷ ನೀರು ಹರಿದ ಆ ನಾಡಿನಲ್ಲಿ ನೆಲಕ್ಕೆ ಚಿನ್ನದ ಬೆಲೆ. ಅಣ್ಣತಮ್ಮಂದಿರು ಪಾಲು ಮಾಡಿಕೊಂಡ ಮೇಲೆ ಒಬ್ಬೊಬ್ಬನಿಗೆ ಉಳಿದದ್ದು ಎಕರೆಯೋ ಎರಡು ಎಕರೆಯೋ. ಅಲ್ಲಿಯ ಒಂದು ಎಕರೆ ಮಾರಿದರೆ ಇಲ್ಲಿ ಹಲವು ಎಕರೆ ದೊರೆಯುತ್ತಿತ್ತು. ಅವರು ಕೊಂಡದ್ದು ಹೊಲವನ್ನಲ್ಲ, ಬರಲಿರುವ ನೀರನ್ನು ಎಂದರೆ ತಪ್ಪಾಗದು. ನೀರು ನೆಲವನ್ನು ಏನು ಮಾಡುತ್ತದೆಂಬುದನ್ನು ಅವರು ತಮ್ಮ ಅಜ್ಜಂದಿರ ಕಾಲದಿಂದ ಕಂಡಿದ್ದರು.

ಅವರು ಹಳೆಯ ಊರುಗಳ ಒಳಗೆ ಮನೆ ಹುಡುಕಲಿಲ್ಲ. ಕೊಂಡ ಹೊಲದ ಮಗ್ಗುಲಲ್ಲಿಯೇ ಗುಡಿಸಲು ಹಾಕಿದರು. ಅಂಥ ನೆಲೆಗಳಿಗೆ ಕ್ಯಾಂಪು ಎಂಬ ಹೆಸರು ಬಿದ್ದು ಹಾಗೆಯೇ ನಿಂತುಬಿಟ್ಟಿತು. ಗಂಗಾವತಿ ಸೀಮೆಯ ಶ್ರೀರಾಮನಗರ ಇಂದು ದೊಡ್ಡ ಊರು. ಗುಡಿಸಲು ಹೋಗಿ ಮಾಳಿಗೆ ಬಂದಿತು, ಮಕ್ಕಳು ಕನ್ನಡ ಶಾಲೆ ಸೇರಿದರು, ಅಕ್ಕಿಗಿರಣಿಗಳೆದ್ದವು. ಗಂಗಾವತಿ ಭತ್ತದ ಕಣಜವೆನಿಸಿತು. ಅಲ್ಲಿಯ ಸೋನಾ ಮಸೂರಿ ದೂರದ ಊರುಗಳ ಅಡಿಗೆಮನೆ ಮುಟ್ಟಿತು. ಮುಂದೆ ಪೂರ್ವ ಬಂಗಾಳದ ನಿರಾಶ್ರಿತರಿಗೂ ಸರಕಾರ ಸಿಂಧನೂರು ತಾಲ್ಲೂಕಿನಲ್ಲಿ ನೆಲ ಕೊಟ್ಟು ಕ್ಯಾಂಪುಗಳನ್ನು ಹೂಡಿತು. ಅವರು ಆರಿಸಿ ಬಂದವರಲ್ಲ, ನೆಲೆ ಕಳೆದುಕೊಂಡು ಬಂದವರು.

ಇಷ್ಟು ಹೇಳಿ ನಿಲ್ಲಿಸಿದರೆ ಕಥೆ ಸೊಗಸಾಗಿರುತ್ತದೆ, ಸತ್ಯವಾಗಿರುವುದಿಲ್ಲ. ಮಾರಿದವರ ಮಾತನ್ನೂ ಕೇಳಬೇಕಲ್ಲವೆ? ಒಣ ಬೇಸಾಯಕ್ಕೆ ಒಂದು ಜೊತೆ ಎತ್ತು, ಒಂದು ಕೂರಿಗೆ, ಮನೆಯ ಬೀಜ ಸಾಕು. ಗದ್ದೆಗೆ ಹಾಗಲ್ಲ. ನೆಲ ಮಟ್ಟ ಮಾಡಬೇಕು, ಬದು ಕಟ್ಟಬೇಕು, ನಾಟಿಗೆ ಆಳು ಕೂಡಿಸಬೇಕು, ಗೊಬ್ಬರ ಕೊಳ್ಳಬೇಕು. ಕೈಯಲ್ಲಿ ಹಣವಿಲ್ಲದ ಎಷ್ಟೋ ಮಂದಿ ಒಂದು ಪಾಲು ಹೊಲ ಮಾರಿ, ಉಳಿದುದನ್ನು ಗದ್ದೆ ಮಾಡಿಕೊಂಡರು. ಇನ್ನು ಕೆಲವರು ಸಾಲ ತೀರಿಸಲು ಮಾರಿ, ಅದೇ ಹೊಲದಲ್ಲಿ ಕೂಲಿಗೆ ನಿಂತರು. ನದಿಯ ಮೇಲ್ಗಡೆಯಲ್ಲಿ ಇನ್ನೊಂದು ಬಗೆಯ ನಷ್ಟ. ಸುಮಾರು 90 ಹಳ್ಳಿಗಳು ಹಿನ್ನೀರಿನಲ್ಲಿ ಮುಳುಗಿದವು. ನಾರಾಯಣದೇವರಕೆರೆಯವರು ತಮ್ಮ ಊರು ಬಿಟ್ಟು ಮರಿಯಮ್ಮನಹಳ್ಳಿ ಕಟ್ಟಿಕೊಳ್ಳಬೇಕಾಯಿತು. ಒಬ್ಬನಿಗೆ ನೆಲ ಅಗ್ಗವಾಗಿ ದೊರೆತಾಗ, ಅದರ ಉಳಿದ ಬೆಲೆಯನ್ನು ಬೇರೆ ಯಾರೋ ತೆತ್ತಿರುತ್ತಾರೆ.

ಇನ್ನೊಂದು ಸಂಗತಿಯನ್ನು ನೀವು ಗಮನಿಸಬೇಕು. ಈ ಕಾಲುವೆಯನ್ನು ಯೋಜಿಸಿದವರು ಊರೆಲ್ಲ ಭತ್ತ ಬೆಳೆಯಲೆಂದು ಯೋಜಿಸಲಿಲ್ಲ. ಬರದ ನಾಡಿನ ಹೆಚ್ಚು ಜನರಿಗೆ ಸ್ವಲ್ಪ ಸ್ವಲ್ಪ ನೀರು ಮುಟ್ಟಬೇಕು, ಜೋಳ ಹತ್ತಿಗಳು ಒಣಗದಿರಬೇಕು ಎಂಬುದು ಅವರ ಎಣಿಕೆ. ಆದ್ದರಿಂದಲೇ ಎಡದಂಡೆಯಲ್ಲಿ 6 ಲಕ್ಷ ಎಕರೆಯ ಹತ್ತಿರ ನೀರಾವರಿಯ ಲೆಕ್ಕ ಹಾಕಿ, ಯಾವ ಹೊಲಕ್ಕೆ ಯಾವ ಬೆಳೆ ಎಂದು ಗೊತ್ತುಪಡಿಸಿದರು. ಆದರೆ ಕಾಲುವೆಯ ತಲೆಯಲ್ಲಿದ್ದವರು, ಹೊಸಬರೂ ಹಳಬರೂ ಕೂಡಿಯೇ, ಭತ್ತ ಹಚ್ಚಿದರು. ಮಾನ್ವಿ, ರಾಯಚೂರುಗಳ ಕಡೆ ಕೊನೆಯ ಭಾಗದ ರೈತರು ನೀರಿಗಾಗಿ ಕಾದು ಕುಳಿತರು. ಅತ್ತ ನೀರಿಲ್ಲದೆ ಹೊಲ ಒಣಗಿದರೆ, ಇತ್ತ ನೀರು ಹೆಚ್ಚಾಗಿ ಎರೆ ನೆಲ ಜವುಗಾಯಿತು, ಸವಳೆದ್ದಿತು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಸವಳು ನೆಲದ ರಿಪೇರಿಯನ್ನೇ ಒಂದು ಮುಖ್ಯ ಕೆಲಸವಾಗಿ ಕೈಗೊಳ್ಳಬೇಕಾಯಿತು.

ಇಂದು ಕೊಪ್ಪಳ 1997ರಲ್ಲಿ ಬೇರೆಯಾದ ಜಿಲ್ಲೆ. ಗಂಗಾವತಿಯ ಗದ್ದೆ ಅಗ್ಗವೆಂದು ಯಾರೂ ಹೇಳರು. ಕುಷ್ಟಗಿ, ಯಲಬುರ್ಗಿಗಳು ಬಹುಮಟ್ಟಿಗೆ ಈ ಕಾಲುವೆಯ ಹೊರಗೆ ಉಳಿದುವು. ನೆಲ ಹುಡುಕುವವರ ಕಣ್ಣು ಈಗ ಅಂತಹ ಸೀಮೆಗಳ ಮೇಲೆ. 1961ರ ಭೂಸುಧಾರಣಾ ಕಾಯಿದೆ ಕೃಷಿಕರಲ್ಲದವರು ಹೊಲ ಕೊಳ್ಳುವುದಕ್ಕೆ ಒಡ್ಡಿದ್ದ ತಡೆಯನ್ನು 2020ರ ತಿದ್ದುಪಡಿ ತೆಗೆದುಹಾಕಿದೆ. ಪಟ್ಟಣ ಬಿಟ್ಟು ನಾಲ್ಕು ಎಕರೆ ಮಾಡಿಕೊಂಡು, ಮಕ್ಕಳೊಡನೆ ಅಲ್ಲಿಯೇ ಮನೆ ಕಟ್ಟಿ ಇರಬೇಕೆಂಬ ಹಂಬಲ ನಿಮ್ಮಲ್ಲಿಯೂ ಇರಬಹುದು. ಒಳ್ಳೆಯ ಹಂಬಲವೇ ಸರಿ.

ಹಾಗಿದ್ದರೆ ಬೆಲೆ ಕೇಳುವ ಮೊದಲು ಕ್ಯಾಂಪಿನವರು ಮಾಡಿದಂತೆ ನೀರಿನ ಜಾಡು ಹಿಡಿದು ನಡೆಯಿರಿ. ಪಹಣಿ ನೋಡುವುದು ಸರಿಯೇ. ಆದರೆ ತೂಬಿನಿಂದ ಹೊಲ ಎಷ್ಟು ದೂರ, ನಡುವೆ ಎಷ್ಟು ಜನ ಎಂಬುದನ್ನೂ ನೋಡಿರಿ. ಅಗಸೆಯ ಕಟ್ಟೆಯ ಮೇಲೆ ಕುಳಿತ ಹಿರಿಯರನ್ನು, “ಯಜಮಾನ್ರ, ಈ ಹೊಲಕ್ಕ ಹ್ವಾದ ವರ್ಷ ನೀರು ಮುಟ್ಟಿತ್ತೇನ್ರಿ?” ಎಂದು ಕೇಳಿರಿ. ಜೊತೆಗೆ, ಆ ಹೊಲವನ್ನು ಅವರು ಏಕೆ ಮಾರುತ್ತಿದ್ದಾರೆಂಬುದನ್ನೂ ಕೇಳಿರಿ. ಎರಡನೆಯ ಪ್ರಶ್ನೆಗೆ ಬರುವ ಉತ್ತರ ಕೆಲವೊಮ್ಮೆ ಮೊದಲನೆಯದಕ್ಕಿಂತ ಹೆಚ್ಚು ಹೇಳುತ್ತದೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು ಕೊಚ್ಚಿಹೋಯಿತು. ತುಂಬಿದ್ದ ಜಲಾಶಯದಿಂದ ನೀರು ಧುಮುಕಿತು. ತಾತ್ಕಾಲಿಕ ತಡೆ ಇಳಿಸುವವರೆಗೆ ಕೊಪ್ಪಳದಿಂದ ರಾಯಚೂರಿನವರೆಗೆ ಕ್ಯಾಂಪಿನ ರೈತರೂ ಹಳೆಯ ಊರಿನ ರೈತರೂ ಒಂದೇ ಆತಂಕದಲ್ಲಿ ದಿನ ಕಳೆದರು. ತಲೆಯವರು, ಕೊನೆಯವರು, ಕೊಂಡವರು, ಮಾರಿದವರು ಎಂಬ ಭೇದ ಆ ದಿನಗಳಲ್ಲಿ ಉಳಿಯಲಿಲ್ಲ. ನೆಲಕ್ಕೆ ಪತ್ರ ಒಬ್ಬೊಬ್ಬರ ಹೆಸರಿನಲ್ಲಿರಬಹುದು. ಆ ನೆಲವನ್ನು ಬದುಕಿಸುವ ನೀರು ಒಬ್ಬರದಲ್ಲ. ಹೊಸದಾಗಿ ಹೊಲ ಕೊಂಡು ಮನೆ ಕಟ್ಟುವವರು ಹೊಸ್ತಿಲು ಇಡುವ ಮೊದಲು ಇಷ್ಟನ್ನು ನೆನೆದರೆ ಸಾಕು.